ಅವಳು ಸಾಕು ಅನ್ನುವವರೆಗೆ

ಒಲೆಗೊಂದು ಹಲಗೆ, ಹಲಗೆಗೆ ಏಳು ಪುಸ್ತಕ. ಆ ಊರಿನ ಕಟ್ಟಳೆ ಅಷ್ಟೇ. ಎಂಟನೆಯ ಅಡುಗೆ ಪುಸ್ತಕ ಇಟ್ಟ ಮನೆಯಲ್ಲಿ ಹಲಗೆ ಮುರಿಯುತ್ತಿತ್ತು, ಮುರಿದ ಹಲಗೆ ಒಲೆಯ ಮೇಲೆಯೇ ಬೀಳುತ್ತಿತ್ತು. ಹಲಗೆಯ ಮೇಲಿಲ್ಲದ್ದನ್ನು ಬೇಯಿಸಲು ಹೊರಟರೆ ಪಾತ್ರೆಯಲ್ಲಿ ನೀರು ನೀರಾಗಿಯೇ ಕುದಿಯುತ್ತಿತ್ತು, ಬೇಳೆ ಕಲ್ಲಾಗಿಯೇ ಉಳಿಯುತ್ತಿತ್ತು. ಹಾಗಾಗಿ ಅಲ್ಲಿ ಹೆಣ್ಣು ನೋಡಲು ಹೋದವರು ಮೈಬಣ್ಣ ಕೇಳುತ್ತಿರಲಿಲ್ಲ, ಹಾಡು ಹೇಳಿಸುತ್ತಿರಲಿಲ್ಲ. "ತವರಿಂದ ಯಾವ ಪುಸ್ತಕ ತರ್ತಾಳೆ?" ಎಂದು ಕೇಳಿ, ಉತ್ತರ ಹಿಡಿಸಿದರೆ ಎಲೆ ಹಾಕಿಸಿಕೊಂಡು ಕೂರುತ್ತಿದ್ದರು.

ವರ್ಷಕ್ಕೊಮ್ಮೆ, ಹುಣಸೆ ಹೂ ಉದುರಿ ಬೀದಿಯೆಲ್ಲ ಹಳದಿಯಾದ ದಿನ, ಪೆಟ್ಟಿಗೆಯವಳು ಬರುತ್ತಿದ್ದಳು. ತಲೆಯ ಮೇಲೆ ತಗಡಿನ ಪೆಟ್ಟಿಗೆ, ಪೆಟ್ಟಿಗೆಯ ತುಂಬ ಪುಸ್ತಕ, ಒಂದಿದ್ದಂತೆ ಇನ್ನೊಂದಿಲ್ಲ. ಬೀದಿಯ ಕೊನೆಯ ಕಟ್ಟೆಯ ಮೇಲೆ ಅವಳು ಕೂತರೆ ಹೆಂಗಸರು ವಯಸ್ಸಿನ ಪ್ರಕಾರ ಸಾಲು ನಿಲ್ಲುತ್ತಿದ್ದರು, ಹಿರಿಯರು ಮುಂದೆ, ಕಿರಿಯರು ಹಿಂದೆ. ಅವಳು ಒಂದೊಂದೇ ಪುಸ್ತಕ ತೆಗೆದು ಎತ್ತಿ ಹಿಡಿದು ಕೇಳುತ್ತಿದ್ದಳು:

"ಬೇಕೋ? ಸಾಕೋ?"

ಬೇಕು ಎಂದರೆ ಇನ್ನೊಂದು ತೋರಿಸು ಎಂದರ್ಥ. ಸಾಕು ಎಂದರೆ ಕೈಯಲ್ಲಿರುವುದು ತನಗೆ ಎಂದರ್ಥ. ಒಂದು ಸಲ ಸಾಕು ಎಂದ ಮೇಲೆ ಆ ವರ್ಷಕ್ಕೆ ಮುಗಿಯಿತು. ಬಾಯಿ ತಪ್ಪಿ ಅಂದರೂ ಮುಗಿಯಿತು.

ಒಂದು ಬಂದರೆ ಒಂದು ಹೋಗಬೇಕು. ಹೋಗುವ ಪುಸ್ತಕವನ್ನು ಸೆರಗಿನಲ್ಲಿ ಸುತ್ತಿ ತಂದು, ಕಟ್ಟೆಯ ಹಿಂದಿನ ಬಿಡುಗಲ್ಲಿನ ಮೇಲೆ ಇಟ್ಟು, ತಿರುಗಿ ನೋಡದೆ ಮನೆಗೆ ನಡೆಯಬೇಕು. ಮಸಣದಿಂದ ಬರುವವರು ಹೇಗೆ ತಿರುಗಿ ನೋಡುವುದಿಲ್ಲವೋ ಹಾಗೆ. ಬಿಟ್ಟ ಪುಸ್ತಕದ ರುಚಿಯನ್ನು ಆ ಮಧ್ಯಾಹ್ನದ ಊಟದೊಳಗೆ ನಾಲಿಗೆ ಮರೆಯುತ್ತಿತ್ತು. ಬಿಟ್ಟ ಪುಸ್ತಕ ಬಿಟ್ಟ ಕೈಗೆ ಎಂದೂ ಮರಳುತ್ತಿರಲಿಲ್ಲ. ಕಲ್ಲಿನ ಮೇಲಿಟ್ಟದ್ದು ಏನಾಗುತ್ತದೆ ಎಂದು ಕೇಳಿದರೆ ಕೆಲವರು ಕಾಗೆ ಒಯ್ಯುತ್ತದೆ ಎನ್ನುತ್ತಿದ್ದರು, ಕೆಲವರು ಗಾಳಿ ಓದಿ ಮುಗಿಸುತ್ತದೆ ಎನ್ನುತ್ತಿದ್ದರು.

ಆ ಬೀದಿಯಲ್ಲಿ ನಡುವೆ ಗೋಡೆ ಎದ್ದ ಒಂದು ಮನೆ ಇತ್ತು. ಗೋಡೆಯ ಈ ಕಡೆ ಹಿರಿಯಳು, ಆ ಕಡೆ ಕಿರಿಯಳು. ಅಣ್ಣ ತಮ್ಮಂದಿರನ್ನು ಮದುವೆಯಾದ ಓರಗಿತ್ತಿಯರು. ಗಂಡಂದಿರು ಇದ್ದರು, ಉಣ್ಣುತ್ತಿದ್ದರು, ಕೈ ತೊಳೆಯುತ್ತಿದ್ದರು. ಅವರ ವಿಚಾರ ಅಷ್ಟು ಸಾಕು. ಗೋಡೆ ಜಗುಲಿಯ ಅಂಚಿಗೆ ಬಂದು ನಿಲ್ಲುತ್ತಿತ್ತು, ಅದು ನಿಂತಲ್ಲಿ ಅತ್ತೆ ಕೂರುತ್ತಿದ್ದಳು. ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ಬೆನ್ನು ಗೋಡೆಯ ತುದಿಗೆ, ಒಂದು ಮೊಣಕಾಲು ಈ ಕಡೆಗೆ, ಒಂದು ಮೊಣಕಾಲು ಆ ಕಡೆಗೆ. ಮಧ್ಯಾಹ್ನ ಈ ಕಡೆಯಿಂದ ಒಂದು ಬಟ್ಟಲು, ಆ ಕಡೆಯಿಂದ ಒಂದು ಬಟ್ಟಲು.

ಮನೆ ಪಾಲಾದಾಗ ಅತ್ತೆಯ ಹನ್ನೆರಡು ಪುಸ್ತಕಗಳೂ ಪಾಲಾಗಿದ್ದವು, ಆರು ಈ ಕಡೆ, ಆರು ಆ ಕಡೆ. ಹಿರಿಯಳ ಪಾಲಿಗೆ ಹುಳಿಯ ಪುಸ್ತಕ, ಮಜ್ಜಿಗೆಯ ಪುಸ್ತಕ, ರೊಟ್ಟಿಯದು, ಚಟ್ನಿಯದು, ಬೆಲ್ಲದ್ದು, ತಂಗಳನ್ನದ್ದು. ಏಳನೆಯದು ಅವಳು ತವರಿಂದ ತಂದದ್ದು. ಅವಳ ತವರು ಏಳು ಹೊಳೆ ದಾಟಿದರೆ ಸಿಗುವ ಉಪ್ಪಿನ ಬಯಲು. ಅಲ್ಲಿ ಬಿಸಿಲು ಬಿದ್ದರೆ ನೆಲ ಕಣ್ಣು ಕುಕ್ಕುತ್ತಿತ್ತು, ಬಟ್ಟೆ ಒಣಗಿದರೆ ಹಪ್ಪಳದಂತೆ ಗರಿಗರಿ ಮುರಿಯುತ್ತಿತ್ತು. ತಾಯಿ ಹಳೆಯ ಸೀರೆಯ ತುಂಡನ್ನು ರಟ್ಟಿಗೆ ಸುತ್ತಿ, ಗೋಣಿದಾರದಿಂದ ಹೊಲಿದು, ಬಲಕ್ಕೆ ಬಾಗಿದ ಅಕ್ಷರದಲ್ಲಿ ಬರೆದು ಕೊಟ್ಟ ತೆಳ್ಳನೆಯ ಪುಸ್ತಕ ಅದು. ಹಿರಿಯಳು ಅದನ್ನು ತೆರೆದು ಓದಿದವಳೇ ಅಲ್ಲ. ಓದುವುದೇನು? ಕೈಗೆ ಗೊತ್ತಿತ್ತು.

ಕಿರಿಯಳ ಹಲಗೆಯಲ್ಲಿ ಆರೇ ಪುಸ್ತಕ. ಏಳನೆಯ ಜಾಗ ಖಾಲಿ. ಅವಳಿಗೆ ತಾಯಿ ಇರಲಿಲ್ಲ. ಯಾರೋ ಸಾಕಿದರು, ಸಾಕಿದವರು ಉಣ್ಣಲು ಇಟ್ಟರು, ಬರೆದು ಕೊಡಲಿಲ್ಲ.

"ಸಾಕುಮಗಳಲ್ಲವೇ, ಆರೇ ಸಾಕು ಅವಳಿಗೆ," ಎಂದು ಹಿರಿಯಳು ಬಾವಿಕಟ್ಟೆಯಲ್ಲಿ ಅಂದು ನಾಲ್ಕು ಜನರನ್ನು ನಗಿಸಿದ್ದಳು. ಕಿರಿಯಳೂ ಅಲ್ಲೇ ಇದ್ದಳು. ಅವಳೂ ನಕ್ಕಳು. ನಕ್ಕು, ಕೊಡ ಎತ್ತಿ ಸೊಂಟಕ್ಕಿಟ್ಟುಕೊಂಡು ಹೋದಳು.

ಆದರೆ ಆ ಆರರಲ್ಲೇ ಅವಳು ಏನು ಮಾಡಿದಳೋ! ಪಾಲಾದ ಮೊದಲ ಮಧ್ಯಾಹ್ನ ಅತ್ತೆ ಹಿರಿಯಳ ಬಟ್ಟಲು ಖಾಲಿ ಮಾಡಿ "ಉಂಡೆ" ಎಂದಳು. ಕಿರಿಯಳ ಬಟ್ಟಲಿನಿಂದ ಒಂದು ತುತ್ತು ಬಾಯಿಗಿಟ್ಟು "ಹಾಂ" ಎಂದಳು.

ಮರುದಿನವೂ ಹಾಗೆಯೇ. ಈ ಕಡೆಗೆ "ಉಂಡೆ", ಆ ಕಡೆಗೆ "ಹಾಂ".

ಮಾತು ಒಂದೇ, ಅದೂ ಅರ್ಧ. ಆದರೆ ಆ ಅರ್ಧ ಮಾತು ಹಿರಿಯಳ ಹೊಟ್ಟೆಯೊಳಗೆ ಬಿದ್ದು ಕಿಚ್ಚು ಹತ್ತಿತು. ಒಲೆಯ ಕಿಚ್ಚಾದರೆ ಅನ್ನ ಬೆಂದ ಮೇಲೆ ಆರುತ್ತದೆ. ಇದು ಉಂಡಷ್ಟೂ ಉರಿಯಿತು. ಅವಳು ಗೋಡೆಗೆ ಕಿವಿಗೊಟ್ಟು ಆ ಕಡೆಯ ಒಗ್ಗರಣೆಯ ಸದ್ದು ಕೇಳುವಳು; ಸಾಸಿವೆ ಸಿಡಿದಷ್ಟೂ ತಾನು ಸಿಡಿಯುವಳು. ಹಿತ್ತಿಲಿಗೆ ಹೋಗಿ ಆ ಕಡೆ ಬಿಸಾಡಿದ ಸಿಪ್ಪೆ ನೋಡಿ ಇಂದು ಏನು ಮಾಡಿದ್ದಾಳೆ ಎಂದು ತಿಳಿಯುವಳು. ನಾಲ್ಕು ಜನ ಸೇರಿದಲ್ಲಿ ಯಾರಾದರೂ "ಕಿರಿಯಳ ಕೈ ಒಳ್ಳೆಯದು" ಎಂದರೆ, ತನ್ನ ಕೈಯನ್ನು ಸೆರಗಿನಡಿ ಮರೆಮಾಡುವಳು.

ಹುಣಸೆ ಹೂ ಉದುರಿತು. ಪೆಟ್ಟಿಗೆಯವಳು ಬಂದಳು. ಹಿರಿಯಳು ಸಾಲಿನಲ್ಲಿ ನಿಂತಳು, ಅವಳ ಬೆನ್ನಿಗೆ ಕಿರಿಯಳು.

ಬಿಸಿಲಲ್ಲಿ ಒಣಗಿಸುವ ಸಂಡಿಗೆ ಬಾಳಕಗಳ ಪುಸ್ತಕವೊಂದಿದ್ದರೆ ತರಬೇಕು ಎಂದು ಹಿರಿಯಳು ವರ್ಷವೆಲ್ಲ ಅಂದುಕೊಂಡಿದ್ದಳು. ಪೆಟ್ಟಿಗೆಯವಳು ತೆಗೆದ ಮೊದಲ ಪುಸ್ತಕವೇ ಅದು. ಬಾಯಿ ತೆರೆಯುವಷ್ಟರಲ್ಲಿ ಅವಳಿಗೆ ಹೊಳೆಯಿತು: ಹಿಂದೆ ನಿಂತವಳಿಗೆ ಯಾವುದು ಬೇಕೋ? ತನಗೆ ಬೇಕಾದ್ದು ತನ್ನ ಮನೆಗೆ ಬರಬಹುದು. ಆದರೆ ಅವಳಿಗೆ ಬೇಕಾದ್ದು ಅವಳ ಮನೆಗೆ ಹೋದರೆ ಗತಿಯೇನು?

"ಬೇಕು," ಎಂದಳು.

ಗೊಜ್ಜುಗಳ ಪುಸ್ತಕ ಬಂತು. ಬೇಕು. ಹಬ್ಬದ ಹೋಳಿಗೆಗಳದ್ದು ಬಂತು. ಬೇಕು. ಆಮೇಲೆ ಸಿಪ್ಪೆಯ ಪುಸ್ತಕ ಬಂತು. ಹೀರೆಯ ಸಿಪ್ಪೆ, ಕಿತ್ತಳೆಯ ಸಿಪ್ಪೆ, ಬಾಳೆಯ ಸಿಪ್ಪೆ, ಜನ ಬಿಸಾಡುವುದನ್ನೆಲ್ಲ ಬಾಯಿಗೆ ತರುವ ಪುಸ್ತಕ. ಹಿರಿಯಳು ಅದರ ಮೇಲೆ ಕೈಯಿಟ್ಟು ಸ್ವಲ್ಪ ತಡೆದಳು. ಬೆನ್ನ ಹಿಂದೆ ಕಿರಿಯಳು ಉಸಿರೆಳೆದದ್ದು ಕೇಳಿಸಿತು. ಸಣ್ಣಗೆ, ಬಿಸಿ ಮುಟ್ಟಿದವರು ಎಳೆಯುವಂತೆ.

"ಸಾಕು!" ಎಂದಳು ಹಿರಿಯಳು.

ಆ ವರ್ಷ ಅವಳು ಹುಳಿಯ ಪುಸ್ತಕವನ್ನು ಬಿಡುಗಲ್ಲಿನ ಮೇಲಿಟ್ಟಳು. ತಿರುಗಿ ನೋಡಲಿಲ್ಲ. ಮಧ್ಯಾಹ್ನ ಹೀರೆಯ ಸಿಪ್ಪೆಯ ಚಟ್ನಿ ಅರೆದು ಅತ್ತೆಗೆ ಬಡಿಸಿ ಬೆರಳು ಮಡಚಿಕೊಂಡು ಕಾದಳು.

"ಉಂಡೆ," ಎಂದಳು ಅತ್ತೆ. ಹಲ್ಲಿನ ಸಂದಿಯಿಂದ ಒಂದು ನಾರು ಎಳೆದು ಸೇರಿಸಿದಳು, "ಅಲ್ಲ ಕಣೇ, ಹೀರೇಕಾಯಿ ಏನಾಯ್ತು?"

ವಾರ ಕಳೆಯಲಿಲ್ಲ, ಗೋಡೆಯ ಆ ಕಡೆಯಿಂದ ಒಂದು ಹೊಸ ಪರಿಮಳ ಬಂತು. ಬೇಳೆ ಬೆಂದು, ಹುಣಸೆ ಕುದಿದು, ಇಂಗು ಬಿದ್ದ ಪರಿಮಳ. ಹಿರಿಯಳ ನಾಲಿಗೆಗೆ ಅದು ಯಾವುದೋ ಗೊತ್ತಾಗಲಿಲ್ಲ. ಇಂಥದ್ದನ್ನು ತಾನು ಹುಟ್ಟಿದಂದಿನಿಂದ ಉಂಡೇ ಇಲ್ಲ ಎನಿಸಿತು. ಸಾಲಿನಲ್ಲಿ ತನ್ನ ಹಿಂದೆ ನಿಂತವಳಿಗೆ ಪೆಟ್ಟಿಗೆಯಿಂದ ಎಂಥದ್ದು ಸಿಕ್ಕಿತಪ್ಪಾ ಎಂದು ಅವಳು ಸೌಟನ್ನು ನೆಲಕ್ಕೆ ಕುಕ್ಕಿದಳು.

"ಹಾಂ," ಎಂದಳು ಜಗುಲಿಯಲ್ಲಿ ಅತ್ತೆ.

ಹೀಗೆ ವರ್ಷ ಬಂತು, ವರ್ಷ ಹೋಯಿತು. ಹುಣಸೆ ಹೂ ಬಿತ್ತು, ಪೆಟ್ಟಿಗೆ ತೆರೆಯಿತು. ಬೇಕೋ, ಸಾಕೋ? ಹಿರಿಯಳು ಪುಸ್ತಕ ನೋಡುವುದನ್ನೇ ಬಿಟ್ಟಳು. ಕಣ್ಣು ಮುಂದೆ, ಕಿವಿ ಹಿಂದೆ. ಬೆನ್ನ ಹಿಂದೆ ಉಸಿರು ಎಳೆದ ಕಡೆ ಸಾಕು ಎಂದಳು. ಹಾಗೆ ಹೂವಿನ ಅಡುಗೆಯ ಪುಸ್ತಕ ಬಂತು, ಮಜ್ಜಿಗೆ ಹೋಯಿತು. ಹೊಗೆಯಲ್ಲಿ ಬೇಯಿಸುವ ಪುಸ್ತಕ ಬಂತು, ರೊಟ್ಟಿ ಹೋಯಿತು. ನೂರು ಎಲೆಗೆ ಬಡಿಸುವ ಪುಸ್ತಕ ಬಂತು. ಅವಳ ಮನೆಯಲ್ಲಿ ಉಣ್ಣುವವರು ಅತ್ತೆಯೂ ಸೇರಿ ಮೂವರು. ಆದರೂ ಕೊಪ್ಪರಿಗೆ ತರಿಸಿದಳು. ಆ ವರ್ಷ ಚಟ್ನಿ ಹೋಯಿತು. ಹಲ್ಲಿಲ್ಲದವರ ಪುಸ್ತಕ ಬಂತು, ಬೆಲ್ಲ ಹೋಯಿತು. ದೂರ ಪ್ರಯಾಣದ ಬುತ್ತಿಯ ಪುಸ್ತಕ ಬಂತು, ತಂಗಳನ್ನ ಹೋಯಿತು. ಅವಳು ಎಲ್ಲಿಗೂ ಹೋಗುವವಳಲ್ಲ. ಬುತ್ತಿ ಕಟ್ಟಿ, ಜಗುಲಿಯಲ್ಲಿ ಬಿಚ್ಚಿ, ಅತ್ತೆಗೆ ಬಡಿಸಿದಳು.

"ಉಂಡೆ," ಎಂದಳು ಅತ್ತೆ. "ಎಲ್ಲಿಗೆ ಬಂದ್ವಿ ಈಗ?"

ಹಿರಿಯಳು ಯಾವುದನ್ನು ಬಿಡಬೇಕು ಎಂದು ಯೋಚಿಸುವಾಗ ಒಂದು ಮಾತು ಮಾತ್ರ ನೆನಪಿಡುತ್ತಿದ್ದಳು. ಕಿರಿಯಳು ಬಯಸಿ, ತಾನು ಕಿತ್ತುಕೊಂಡ ಪುಸ್ತಕವನ್ನು ಬಿಡುಗಲ್ಲಿನ ಮೇಲೆ ಇಡುವ ಹಾಗಿಲ್ಲ; ಇಟ್ಟರೆ ಅವಳು ಎತ್ತಿಕೊಂಡಾಳು. ಹಾಗಾಗಿ ತನ್ನ ಹಳೆಯದನ್ನೇ ಇಡುತ್ತಿದ್ದಳು. ತನ್ನದನ್ನು ಯಾರು ಎತ್ತುತ್ತಾರೆ? ತನ್ನದನ್ನೂ ಒಬ್ಬರು ಬಯಸಬಹುದು ಎಂಬುದು ಅವಳಿಗೆ ಒಂದು ಸಲವೂ ತೋಚಲಿಲ್ಲ. ಹೊಟ್ಟೆಕಿಚ್ಚಿನವರ ಕಣ್ಣು ಹಾಗೆಯೇ. ಅದು ಗೋಡೆಯ ಆಚೆ ನೋಡುತ್ತದೆ, ತನ್ನ ಒಲೆಯ ಬೆಳಕು ಅದಕ್ಕೆ ಕಾಣುವುದಿಲ್ಲ.

ಏಳನೆಯ ವರ್ಷ ಪೆಟ್ಟಿಗೆಯವಳು ಬಂದಾಗ ಹಿರಿಯಳ ಹಲಗೆಯ ಮೇಲೆ ಆರು ಪರರ ಆಸೆಗಳು, ಒಂದು ತಾಯಿಯ ಪುಸ್ತಕ.

ಅಂದು ಪುಸ್ತಕದ ಮೇಲೆ ಪುಸ್ತಕ ಬಂತು. ಬೇಕು, ಬೇಕು, ಬೇಕು. ಬೆನ್ನ ಹಿಂದೆ ಸದ್ದಿಲ್ಲ. ಪೆಟ್ಟಿಗೆಯ ತಳ ಕಾಣುವ ಹೊತ್ತಿಗೆ ಜ್ವರ ಬಿಟ್ಟ ಬಾಯಿಗೆ ರುಚಿ ತರುವ ಅಡುಗೆಗಳ ಪುಸ್ತಕ ಬಂತು. ಹಿರಿಯಳು ಸುಸ್ತಾಗಿ ಅದರ ಮೇಲೆ ಕೈ ಊರಿದಳು. ಕಿರಿಯಳು ಎಳೆದ ಉಸಿರಿಗೆ ಮುಂದಿದ್ದವಳ ಕುತ್ತಿಗೆಯ ಕೂದಲು ಅಲುಗಿತು.

"ಸಾಕು!"

ಪೆಟ್ಟಿಗೆಯವಳು ಪುಸ್ತಕ ಕೊಡಲಿಲ್ಲ. ಹಿಡಿದೇ ಕೇಳಿದಳು, "ತಾಯಿ, ಏಳು ವರ್ಷದಿಂದ ನೋಡ್ತಿದ್ದೀನಿ. ಇದು ನಿನಗೆ ಬೇಕಾ, ಇಲ್ಲಾ ಅವಳಿಗೆ ಬೇಡವಾ?"

"ಸಾಕು ಅಂದ ಮೇಲೆ ಸಾಕು. ಕೊಡು ಇಲ್ಲಿ."

"ಸಾಕು ಅನ್ನೋದು ಹೊಟ್ಟೆ ತುಂಬಿದವರ ಮಾತು ಕಣವ್ವ. ನಿನ್ನ ಬಾಯಲ್ಲಿ ಅದು ಬೈಗುಳದ ಹಾಗೆ ಕೇಳ್ತದೆ," ಎಂದು ಪೆಟ್ಟಿಗೆಯವಳು ಪುಸ್ತಕ ಕೊಟ್ಟಳು.

ಮನೆಗೆ ಬಂದು ಹಿರಿಯಳು ಹಲಗೆಯ ಮುಂದೆ ನಿಂತಳು. ಆರು ಪುಸ್ತಕಗಳ ಬೆನ್ನು ಸವರಿದಳು. ಸಿಪ್ಪೆಯದ್ದನ್ನು ಬಿಡಲೇ? ಅವಳು ಎತ್ತಿಕೊಂಡಾಳು. ಹೂವಿನದ್ದು? ಎತ್ತಿಕೊಂಡಾಳು. ಹೊಗೆಯದ್ದು, ನೂರು ಎಲೆಯದ್ದು, ಹಲ್ಲಿಲ್ಲದವರದ್ದು, ಬುತ್ತಿಯದ್ದು? ಎತ್ತಿಕೊಂಡಾಳು, ಎತ್ತಿಕೊಂಡಾಳು. ಕೈ ಏಳನೆಯದರ ಮೇಲೆ ನಿಂತಿತು. ಸೀರೆಯ ಬಟ್ಟೆ ಮೆತ್ತಗಿತ್ತು. ಇದನ್ನು ಯಾರು ಎತ್ತುತ್ತಾರೆ, ಏಳು ಹೊಳೆ ಆಚೆಯ ಒಬ್ಬ ಹೆಂಗಸಿನ ಬಾಗಿದ ಅಕ್ಷರವನ್ನು ಯಾರು ಓದುತ್ತಾರೆ ಎಂದುಕೊಂಡಳು. ಸೆರಗಿನಲ್ಲಿ ಸುತ್ತಿದಳು. ದಾರಿಯಲ್ಲಿ ಅದು ಮಗುವಿನಷ್ಟು ಭಾರವಾಯಿತು. ಕಲ್ಲಿನ ಮೇಲೆ ಇಟ್ಟಾಗ ಹಗುರಾಗಬೇಕಿತ್ತು. ತೋಳು ಇನ್ನೂ ಭಾರವಾಗಿಯೇ ಇತ್ತು. ತಿರುಗಿ ನೋಡುವ ಹಾಗಿರಲಿಲ್ಲ. ನೋಡಲಿಲ್ಲ.

ಆ ಮಧ್ಯಾಹ್ನ ನಾಲಿಗೆ ತನ್ನ ಕೆಲಸ ಮಾಡಿತು. ತಾಯಿ ನೆನಪಿದ್ದಳು. ಉಪ್ಪಿನ ಬಯಲು ನೆನಪಿತ್ತು. ತನ್ನ ಬಾಯಿಯ ಕಡೆಗೆ ಬರುತ್ತಿದ್ದ ತಾಯಿಯ ಕೈ, ಅದರ ಒಡೆದ ಬೆರಳು, ಬೆರಳಿನ ಉಂಗುರ ಎಲ್ಲವೂ ನೆನಪಿದ್ದವು. ಕೈಯಲ್ಲಿದ್ದ ತುತ್ತು ಮಾತ್ರ ನೆನಪಿಗೆ ಬರಲಿಲ್ಲ. ಬರಿಗೈ ಬಾಯಿಗೆ ಬಂದು ಬಂದು ಹೋಯಿತು.

ಐದನೆಯ ದಿನ ಗೋಡೆಯ ಆ ಕಡೆಯಿಂದ ಪರಿಮಳ ಎದ್ದಿತು.

ಹುರುಳಿ ಬೆಂದ ಮಣ್ಣಿನಂಥ ವಾಸನೆ. ಕಟ್ಟು ಬಸಿದು, ಸುಟ್ಟ ಈರುಳ್ಳಿ ಅರೆದು ಹಾಕಿ, ಕುದಿಸಿ ಕುದಿಸಿ ಇಂಗಿಸಿದ ಸಾರು. ಅದರ ಮೇಲೆ ಬೆಳ್ಳುಳ್ಳಿ ಕೆಂಪಗಾಗುವವರೆಗೆ ಕಾಯಿಸಿದ ಎಣ್ಣೆ ಚುರ್ ಎಂದು ಬಿದ್ದಾಗ, ಹಿರಿಯಳು ಕೈಲಿದ್ದ ತಟ್ಟೆ ಬಿಟ್ಟಳು. ಆರು ವರ್ಷ ಉರಿದದ್ದು ಉರಿಯೇ ಅಲ್ಲ ಎನಿಸಿತು. ಗೋಡೆಗೆ ಹಣೆ ಒತ್ತಿ ನಿಂತಳು. ಗೋಡೆ ಬೆಚ್ಚಗಿತ್ತು. ಎಂಥ ಅಡುಗೆಯಪ್ಪಾ ಇದು, ಯಾರು ಕಲಿಸಿದ ಅಡುಗೆ, ಯಾವ ಪುಣ್ಯವಂತೆಯ ಪುಸ್ತಕ ಇದು, ಇದು ಅವಳಿಗೇ ಯಾಕೆ ಸಿಗಬೇಕು, ತಾಯಿಯೇ ಇಲ್ಲದವಳಿಗೆ?

ಜಗುಲಿಯಲ್ಲಿ ಅತ್ತೆ ತುತ್ತು ಬಾಯಿಗಿಟ್ಟಳು. ಹಿರಿಯಳು "ಹಾಂ" ಕೇಳಲು ಹಲ್ಲು ಕಚ್ಚಿದಳು.

"ಎಲ್ಲ ಸರಿ ಇದೆ," ಎಂದಳು ಅತ್ತೆ. "ಉಪ್ಪೊಂದು ಇಲ್ಲ."

ಹಿರಿಯಳು ಗೋಡೆಯ ಈ ಕಡೆ ಬಾಯಿಗೆ ಸೆರಗು ಒತ್ತಿ ನಕ್ಕಳು. ಏಳು ವರ್ಷದಲ್ಲಿ ಮೊದಲ ಸಲ ಅವಳಿಗೆ ಉಂಡದ್ದು ಮೈಗೆ ಹತ್ತಿತು.

ಮರುದಿನ ಮತ್ತೆ ಅದೇ ಸಾರು. "ಉಪ್ಪು ಮುಂದಾಯ್ತು," ಎಂದಳು ಅತ್ತೆ. ಅದರ ಮರುದಿನ, "ಹಿಂದಾಯ್ತು." ಆಮೇಲೆ, "ನಿನ್ನೆಯದೇ ವಾಸಿ." ಕಿರಿಯಳು ಬಿಡಲಿಲ್ಲ. ಹತ್ತು ದಿನ, ಇಪ್ಪತ್ತು ದಿನ, ಬೇರೆ ಏನೂ ಮಾಡದೆ ಅದೊಂದನ್ನೇ ಮಾಡಿದಳು. ದಿನಾ ಪರಿಮಳ, ದಿನಾ ಕಿಚ್ಚು. ಮೂವತ್ತೊಂಬತ್ತನೆಯ ದಿನ ಅತ್ತೆ ತುತ್ತು ನುಂಗಿ, ಬೆರಳು ನೆಕ್ಕಿ, "ಇನ್ನೊಂದು ಕೂದಲೆಳೆ ಕಣೇ. ನಾಳೆ ಬರ್ತದೆ," ಎಂದಳು.

ಹಿರಿಯಳಿಗೆ ನಾಳೆ ಎಂಬುದೇ ಬೇಡವಾಯಿತು. ನಾಳೆ ಬಂದರೆ "ಹಾಂ" ಬರುತ್ತದೆ. ಆ ಸಾರಿಗೆ ಬರುವ "ಹಾಂ" ಕೇಳಿ ಬದುಕುವುದು ಸಾಧ್ಯವಿಲ್ಲ ಎನಿಸಿತು.

ಮರುದಿನ ಕಿರಿಯಳು ಕೊಡ ಹಿಡಿದು ಬಾವಿಗೆ ಹೋದದ್ದನ್ನು ನೋಡಿ, ಹಿರಿಯಳು ಉಪ್ಪಿನ ಮರಿಗೆಯಲ್ಲಿ ಕೈಯಿಟ್ಟು ಒಂದು ಹಿಡಿ ತುಂಬಿಕೊಂಡಳು. ಬಾಯಿ ಸೇದುವಷ್ಟು ಉಪ್ಪು, ನಾಯಿಯೂ ಮೂಸದಷ್ಟು ಉಪ್ಪು. ಮುಷ್ಟಿಯನ್ನು ಸೆರಗಿನಡಿ ಹಿಡಿದು ಜಗುಲಿ ಇಳಿದು, ಅತ್ತೆಯ ಆ ಕಡೆಯ ಮೊಣಕಾಲನ್ನು ಬಳಸಿ, ಪಾಲಾದಂದಿನಿಂದ ತುಳಿಯದ ಹೊಸ್ತಿಲನ್ನು ತುಳಿದಳು.

"ಯಾರದು?" ಎಂದಳು ಅತ್ತೆ.

ಹಿರಿಯಳು ತುದಿಗಾಲಲ್ಲಿ ಒಳಗೆ ಸರಿದಳು.

"ಯಾರಾದ್ರೂ ಆಗಲಿ, ಊಟದ ಹೊತ್ತಾಯ್ತು," ಎಂದು ಅತ್ತೆ ತನ್ನಷ್ಟಕ್ಕೆ ಗೊಣಗಿದಳು.

ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಹಿರಿಯಳು ಮುಷ್ಟಿ ಎತ್ತಿ, ಕಣ್ಣನ್ನೂ ಎತ್ತಿದಳು. ಕಣ್ಣಿಗೆ ಹಲಗೆ ಕಂಡಿತು.

ಹುಳಿಯ ಪುಸ್ತಕ. ಮಜ್ಜಿಗೆಯದು. ರೊಟ್ಟಿಯದು, ಚಟ್ನಿಯದು, ಬೆಲ್ಲದ್ದು, ತಂಗಳನ್ನದ್ದು. ತನ್ನ ಹಲಗೆಯ ಮೇಲೆ ಯಾವ ಕ್ರಮದಲ್ಲಿ ನಿಂತಿದ್ದವೋ ಅದೇ ಕ್ರಮದಲ್ಲಿ. ಮೂಲೆ ಮಡಚಿದ್ದನ್ನು ಬಿಡಿಸಿ, ಹರಿದದ್ದಕ್ಕೆ ಅಂಟು ಹಚ್ಚಿ, ಬೆನ್ನಿಗೆ ಹೊಸ ಬಟ್ಟೆ ಕೊಟ್ಟಿದ್ದರು. ಏಳನೆಯ ಜಾಗ ಖಾಲಿ. ಏಳನೆಯದು ಕೆಳಗೆ, ಒಲೆಯ ಪಕ್ಕದ ಮಣೆಯ ಮೇಲೆ ತೆರೆದು ಮಲಗಿತ್ತು. ಸೀರೆಯ ರಟ್ಟು, ಗೋಣಿದಾರ, ಬಲಕ್ಕೆ ಬಾಗಿದ ಅಕ್ಷರ. ಗಾಳಿಗೆ ಹಾಳೆ ಹಾರದಂತೆ ಮೇಲೆ ಒಂದು ಸೌಟು ಇಟ್ಟಿದ್ದರು.

ಏಳು ವರ್ಷ ಗೋಡೆ ದಾಟಿ ಬಂದು ಅವಳನ್ನು ಸುಟ್ಟ ಪರಿಮಳಗಳು ಇವೇ. ಹುಳಿ ಅವಳದು, ಮಜ್ಜಿಗೆ ಅವಳದು, ಈ ಹುರುಳಿ ಸಾರು ಅವಳ ತಾಯಿಯದು. ತನ್ನ ಮನೆಯ ಊಟದ ಮೇಲೆಯೇ ತಾನು ಹೊಟ್ಟೆಕಿಚ್ಚು ಪಟ್ಟಿದ್ದಳು.

ಅವಳು ಮಂಡಿಯೂರಿ, ಮೊದಲ ಸಲ, ಓದಿದಳು. ಹುರುಳಿ ಎಷ್ಟು, ನೀರು ಎಷ್ಟು, ಬೆಳ್ಳುಳ್ಳಿ ಎಷ್ಟು ಎಂದು ಎಲ್ಲಕ್ಕೂ ಅಳತೆ ಇತ್ತು. ಕೊನೆಯ ಸಾಲಿಗೆ ಬಂದಳು.

*ಉಪ್ಪು: ಅವಳು ಸಾಕು ಅನ್ನುವವರೆಗೆ.*

ಹಾಳೆ ತಿರುವಿದಳು. ಗಂಜಿ. ಉಪ್ಪು: ಅವಳು ಸಾಕು ಅನ್ನುವವರೆಗೆ. ತಿರುವಿದಳು. ಸೊಪ್ಪಿನ ಸಾರು. ಅವಳು ಸಾಕು ಅನ್ನುವವರೆಗೆ. ಪುಸ್ತಕದ ತುದಿಯವರೆಗೂ ಬೇರೆ ಅಳತೆಯೇ ಇರಲಿಲ್ಲ.

ಹೊಸ್ತಿಲ ಬಳಿ ಕೊಡ ಇಟ್ಟ ಸದ್ದಾಯಿತು.

"ಕೈಯಲ್ಲಿ ಏನಕ್ಕಾ?" ಎಂದಳು ಕಿರಿಯಳು.

"ಉಪ್ಪು."

"ಕೆಡಿಸೋಕೆ ಬಂದ್ರಾ?"

"ಹೂಂ."

ಕಿರಿಯಳು ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಅವಳಿಗೆ ಸಿಟ್ಟು ಬರಲಿಲ್ಲ. ಅಥವಾ ಬಂದದ್ದು ತುಂಬ ಹಳೆಯದಾಗಿತ್ತು. "ನಾನೂ ಒಂದು ಸಲ ಬಂದಿದ್ದೆ ನಿಮ್ಮ ಕಡೆಗೆ," ಎಂದಳು. "ಪಾಲಾದ ವರ್ಷ. ಆ ಸೀರೆ ರಟ್ಟಿನ ಪುಸ್ತಕಾನ ಒಲೆಗೆ ಹಾಕೋಣ ಅಂತ. ಕೈಗೆ ತಗೊಂಡೆ. ಮೆತ್ತಗಿತ್ತು. ಆಗಲಿಲ್ಲ."

"ಎಲ್ಲಾ ನನ್ನವೇ ಎತ್ತಿಕೊಂಡಿದ್ದೀಯಲ್ಲೇ!"

"ನಿಮ್ಮವೇ ಬೇಕಿತ್ತು. ಅವಕ್ಕೆ ಜಾಗ ಮಾಡೋಕೆ ನನ್ನವನ್ನ ಒಂದೊಂದಾಗಿ ಬಿಟ್ಟೆ."

"ಮತ್ತೆ ಪೆಟ್ಟಿಗೆ ಮುಂದೆ ಉಸಿರೆಳೀತಿದ್ದೆ? ನಾನು ಅದನ್ನ ಕೇಳಿ ಕೇಳಿ..."

"ಪೆಟ್ಟಿಗೆ ಪುಸ್ತಕ ಯಾರಿಗೆ ಬೇಕಕ್ಕಾ? ನೀವು ಯಾವುದರ ಮೇಲಾದರೂ ಕೈ ನಿಲ್ಲಿಸಿದ ಕೂಡಲೇ ನನಗೆ ಎದೆ ಹೊಡ್ಕೊಳ್ತಿತ್ತು. ಇನ್ನು ಸಾಕು ಅಂತಾರೆ, ಮನೆಗೆ ಹೋಗ್ತಾರೆ, ತಮ್ಮದೊಂದು ಬಿಡ್ತಾರೆ, ಯಾವುದು ಬಿಡ್ತಾರೋ ಅಂತ. ನೀವು ಇಟ್ಟು ನಾಲ್ಕು ಹೆಜ್ಜೆ ಹೋಗೋದ್ರೊಳಗೆ ಎತ್ತಿಕೊಳ್ತಿದ್ದೆ. ನೀವು ತಿರುಗಿ ನೋಡಿದ್ದರೆ ಸಿಕ್ಕಿಬೀಳ್ತಿದ್ದೆ." ಕಿರಿಯಳು ಕೊಡವನ್ನು ಮೂಲೆಗೆ ಸರಿಸಿದಳು. "ನೋಡಲಿ ಅಂತಾನೂ ಇತ್ತು."

ಸಾರು ಉಕ್ಕಿ ಬಂತು. ಕಿರಿಯಳು ಸೌದೆ ಹಿಂದಕ್ಕೆಳೆದಳು. ಪುಸ್ತಕದ ಮುಂದೆ ಕುಕ್ಕರಗಾಲಲ್ಲಿ ಕೂತು ಕೊನೆಯ ಸಾಲಿನ ಮೇಲೆ ಬೆರಳಿಟ್ಟಳು.

"ಎಲ್ಲಾ ಓದಿದ ಹಾಗೇ ಮಾಡ್ದೆ. ಇದೊಂದು ಆಗಲ್ಲ. ನಲವತ್ತು ದಿನದಿಂದ ನಿದ್ದೆ ಇಲ್ಲ. ಯಾರಕ್ಕಾ ಈ ಅವಳು? ಇವಳ ಮುಂದೆ ಸೌಟು ಹಿಡ್ಕೊಂಡು ಸಾಕಾ, ಸಾಕಾ ಅಂತ ಒಬ್ಬರು ಕೇಳ್ತಾ ಕೂತಿದ್ರಲ್ಲ. ಹಾಳೆಹಾಳೆಗೂ ಕೇಳಿದ್ದಾರೆ. ನನಗೆ ಅನ್ನ ಇಟ್ಟವರು ಇಟ್ಟು ಎದ್ದು ಹೋಗೋರು. ಉಪ್ಪು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ." ಅವಳು ಬೆರಳನ್ನು ಆ ಮೂರಕ್ಷರದ ಮೇಲಿನಿಂದ ತೆಗೆಯಲಿಲ್ಲ. "ನಿಮ್ಮ ಮೇಲಿನ ಹೊಟ್ಟೆಕಿಚ್ಚೆಲ್ಲ ಈಗ ಇವಳ ಮೇಲ್ಹೋಗಿದೆ. ಇವಳನ್ನ ಕಂಡರೆ ಆಗಲ್ಲ ನನಗೆ."

ಹಿರಿಯಳು ಆ ಅವಳನ್ನು ನೋಡಿದಳು. ಉಪ್ಪಿನ ಬಯಲಿನ ಅಂಚಿನಲ್ಲಿ ಮಣೆಯ ಮೇಲೆ ಕೂತ ಹುಡುಗಿ. ಬಾಯಿ ತೆರೆದಿದ್ದಾಳೆ. ಅವಳ ಮುಂದೆ ಒಂದು ಕೈ, ಕೈಯಲ್ಲಿ ಏನೋ ಇದೆ. ಏನದು? ಕಾಣಲಿಲ್ಲ. ಆ ಹುಡುಗಿಗೆ ಮಾತ್ರ ಕಾಣುತ್ತಿತ್ತು, ಆ ಹುಡುಗಿ ಮಾತ್ರ ಉಣ್ಣುತ್ತಿದ್ದಳು. ಹಿರಿಯಳು ಬದುಕಿನಲ್ಲಿ ಯಾರ ಮೇಲೂ, ಪಕ್ಕದಲ್ಲಿ ಕೂತ ಇವಳ ಮೇಲೂ, ಅಷ್ಟು ಉರಿದಿರಲಿಲ್ಲ.

"ನನಗೂ ಆಗಲ್ಲ," ಎಂದಳು.

ಹಾಗೆ ಇಬ್ಬರು ಓರಗಿತ್ತಿಯರೂ ಒಂದೇ ಹುಡುಗಿಯ ಮೇಲೆ ಹೊಟ್ಟೆಕಿಚ್ಚು ಪಟ್ಟುಕೊಂಡು ಒಂದೇ ಪಾತ್ರೆಯ ಮುಂದೆ ಕೂತರು.

"ನಿಮಗೇನಾದ್ರೂ ಗೊತ್ತಾಗ್ತದಾ, ಅಕ್ಕಾ?"

"ನನ್ನ ನಾಲಿಗೆ ಖಾಲಿ ಕಣೇ. ಬಿಟ್ಟ ದಿನವೇ ಹೋಯ್ತು."

"ನೋಡಿ ಒಂದು ಸಲ," ಎಂದು ಕಿರಿಯಳು ಸೌಟಿನಿಂದ ನಾಲ್ಕು ಹನಿ ಸಾರನ್ನು ಹಿರಿಯಳ ಎಡ ಅಂಗೈಗೆ ಬಿಟ್ಟಳು. ಬಲಗೈ ಮುಷ್ಟಿ ಇನ್ನೂ ಮುಚ್ಚಿಯೇ ಇತ್ತು.

ಹಿರಿಯಳು ನೆಕ್ಕಿದಳು. ನಾಲಿಗೆಗೆ ಏನೂ ಹೊಳೆಯಲಿಲ್ಲ. ಹೊಸ ಊರಿನ ಹೊಸ ನೀರು ಕುಡಿದಂತಾಯಿತು. ಅವಳು ಕಿಬ್ಬೆರಳು ಸಡಿಲಿಸಿದಳು. ನಾಯಿಯೂ ಮೂಸದಂತೆ ಮಾಡಲು ತಂದ ಉಪ್ಪು ಎಳೆಯಾಗಿ ಪಾತ್ರೆಗೆ ಇಳಿಯಿತು. ಕಿರಿಯಳು ಕಲಕಿ, ಮತ್ತೆ ನಾಲ್ಕು ಹನಿ ಬಿಟ್ಟಳು.

"ಬೇಕೋ? ಸಾಕೋ?"

"ಬೇಕು."

ಇಳಿಯಿತು. ಕಲಕಿದಳು. ನಾಲ್ಕು ಹನಿ.

"ಬೇಕೋ? ಸಾಕೋ?"

"ಬೇಕು."

ಮುಷ್ಟಿ ಸಣ್ಣದಾಗುತ್ತ ಬಂತು. ಒಲೆಯ ಕಾವಿಗೆ ಇಬ್ಬರ ಮುಖವೂ ಕೆಂಪಾಗಿತ್ತು. ಹಿರಿಯಳಿಗೆ ಒಂದು ಹಂತದಲ್ಲಿ ತಾನು ರುಚಿ ನೋಡುತ್ತಿದ್ದೇನೆಯೇ, ಕೇಳುವುದನ್ನು ಕೇಳಿಸಿಕೊಳ್ಳುತ್ತಿದ್ದೇನೆಯೇ ಎಂಬುದೇ ತಿಳಿಯದಾಯಿತು. ಬೇಕೋ ಸಾಕೋ ಎಂದು ಕೇಳುತ್ತಿದ್ದವಳ ಮುಖ ಬಾಗಿತ್ತು. ತುತ್ತು ಇಡುವವರ ಬಾಯಿ ತಾನಾಗಿ ತೆರೆಯುತ್ತದಲ್ಲ, ಹಾಗೆ ಅವಳ ಬಾಯಿಯೂ ಸ್ವಲ್ಪ ತೆರೆದಿತ್ತು.

"ಬೇಕೋ? ಸಾಕೋ, ಅಕ್ಕಾ?"

ಮುಷ್ಟಿಯಲ್ಲಿ ಇನ್ನೂ ನಾಲ್ಕು ಹರಳು ಉಳಿದಿದ್ದವು. ಹಿರಿಯಳು ಬೆರಳು ಮಡಚಿದಳು.

"ಸಾಕು," ಎಂದಳು.

ಅದು ಬೈಗುಳದ ಹಾಗೆ ಕೇಳಿಸಲಿಲ್ಲ.

ಕಿರಿಯಳು ಸೌಟಿನ ತುದಿ ನಾಲಿಗೆಗೆ ಮುಟ್ಟಿಸಿ ಮುಖ ಕಿವುಚಿದಳು. "ಅಯ್ಯೋ! ಸಮುದ್ರಾನೇ ಕುಡಿಸಿದ್ರಲ್ಲ. ಇಷ್ಟು ಉಪ್ಪು ತಿಂತಿದ್ದಳಾ ಅವಳು?"

"ತಿಂತಿದ್ದಳೋ ಏನೋ. ಉಪ್ಪಿನ ಊರಿನವಳು," ಎಂದಳು ಹಿರಿಯಳು. ಪುಸ್ತಕದ ಮೇಲಿದ್ದ ಸೌಟನ್ನು ಎತ್ತಿ ತೊಳೆದು, ಪುಸ್ತಕವನ್ನು ಮುಚ್ಚಿ, ಏಳನೆಯ ಜಾಗದಲ್ಲಿ, ಕಿರಿಯಳ ಹಲಗೆಯ ಮೇಲೆ, ತಾನೇ ನಿಲ್ಲಿಸಿದಳು. ಮರಳಿ ತನ್ನ ಕೈಗೆ ಬರುವಂಥದ್ದಲ್ಲ ಅದು. ಬೆರಳನ್ನು ಸೀರೆಯ ರಟ್ಟಿನಿಂದ ತೆಗೆಯುವಾಗ ಕಿಚ್ಚು ಮತ್ತೊಮ್ಮೆ ಎದ್ದಿತು. ಏಳಲಿ. ಕೂತು ಉಣ್ಣುವಷ್ಟು ಹೊತ್ತು ಅದನ್ನು ತಡೆದುಕೊಳ್ಳಬಹುದಿತ್ತು.

"ಬಡಿಸು," ಎಂದು ಅವಳು ಕಿರಿಯಳ ಅಡುಗೆಮನೆಯ ನೆಲದ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಳು.

ಕಿರಿಯಳು ಮೊದಲ ಬಟ್ಟಲನ್ನು ಜಗುಲಿಗೆ ಒಯ್ದು ಅತ್ತೆಯ ಎರಡು ಮೊಣಕಾಲುಗಳ ನಡುವೆ ಇಟ್ಟು ಓಡಿ ಬಂದಳು. ಇಬ್ಬರೂ ಕಿವಿಗೊಟ್ಟು ಕೂತರು. ಅತ್ತೆ ಸುರ್ರೆಂದು ಎಳೆದದ್ದು ಕೇಳಿಸಿತು. "ಉಂಡೆ" ಬರಲಿಲ್ಲ. "ಹಾಂ" ಬರಲಿಲ್ಲ. ಇನ್ನೊಮ್ಮೆ ಎಳೆದಳು. ಮತ್ತೊಮ್ಮೆ ಎಳೆದಳು. ಬಟ್ಟಲು ಕಲ್ಲಿಗೆ ತಗುಲಿ ಸದ್ದಾಯಿತು.

"ಏನ್ರೇ," ಎಂದು ಅತ್ತೆ ಗೋಡೆಯ ಎರಡೂ ಕಡೆಗೆ ಕೇಳುವಂತೆ ಕೂಗಿದಳು, "ಬೇಕೋ ಸಾಕೋ ಅಂತ ಕೇಳೋರು ಈ ಮನೇಲಿ ಯಾರೂ ಇಲ್ವಾ?"